ಮದ್ದು ಹುಳುವಿಗಲ್ಲ, ಮನೆಗೆ: ಕೊಳ್ಳೇಗಾಲ ಸೀಮೆಯ ರೇಷ್ಮೆ ಹುಳುವಿನ ರೋಗಗಳು

ರೇಷ್ಮೆ ಹುಳುವನ್ನು ಕಾಡುವ ಮುಖ್ಯ ರೋಗಗಳು ನಾಲ್ಕು. ವೈರಾಣುವಿನಿಂದ ಬರುವುದು ಹಾಲುತೊಂಡೆ. ಬ್ಯಾಕ್ಟೀರಿಯಾ ಮತ್ತು ವೈರಾಣು ಎರಡರಿಂದಲೂ ಬರುವುದು ಸಪ್ಪೆ ರೋಗ. ಶಿಲೀಂಧ್ರದಿಂದ ಬರುವುದು ಸುಣ್ಣಕಟ್ಟು. ಮೈಕ್ರೋಸ್ಪೊರಿಡಿಯಾ ಎಂಬ ಅತಿ ಸಣ್ಣ ಪರಾವಲಂಬಿಯಿಂದ ಬರುವುದು ಗಂಟುರೋಗ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಹುಳು ಸಾಕುವ ಮನೆಯವರಿಗೆ ಈ ಹೆಸರುಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಇವನ್ನು ಕಂಡಿದ್ದಾರೆ, ಬೆಳೆ ಕಳೆದುಕೊಂಡೂ ಇದ್ದಾರೆ.

ಆದರೆ ಬೆಳೆ ಕೆಟ್ಟಾಗಲೆಲ್ಲ ಕೇಳಿಬರುವ ಮೊದಲ ಪ್ರಶ್ನೆ ಒಂದೇ: ‘ಇದಕ್ಕೇನು ಔಷಧಿ ಹೊಡೀಬೇಕು?’ ಹಾಲುತೊಂಡೆಯಾಗಲಿ ಗಂಟುರೋಗವಾಗಲಿ ಹತ್ತಿದ ಹುಳುವನ್ನು ಬದುಕಿಸುವ ಔಷಧಿ ಇಲ್ಲ. ಮದ್ದು ಇರುವುದು ಹುಳು ಸಾಕುವ ಮನೆಗೆ, ತಟ್ಟೆಗೆ, ಮೊಟ್ಟೆಗೆ, ನಮ್ಮ ಕೈಗೆ. ಹಾಗೇಕೆ ಎಂಬುದನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ರೇಷ್ಮೆಯ ಸೀಮೆ

ಕೊಳ್ಳೇಗಾಲ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಮಗ್ಗದ ರೇಷ್ಮೆ ಸೀರೆ. ಆ ಸೀರೆಯ ಹಿಂದೆ ಹಿಪ್ಪುನೇರಳೆ ತೋಟವಿದೆ, ಹುಳುಮನೆಯಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದ್ರಾಸ್ ಪ್ರಾಂತ್ಯದ ರೇಷ್ಮೆ ಕೃಷಿಗೆ ಅದೇ ಮುಖ್ಯ ನೆಲೆಯಾಗಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಮೈಸೂರು ಸೀಮೆ. ನಡುವೆ ರಾಜ್ಯದ ಗಡಿ ಇದ್ದ ಕಾಲದಲ್ಲೂ ಎರಡು ಕಡೆಯೂ ಸೊಪ್ಪು, ಹುಳು, ಗೂಡು, ನೂಲು ಒಂದೇ ಬಗೆಯವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಈ ಊರುಗಳೆಲ್ಲ ಅದಕ್ಕೆ ಸೇರಿದವು. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ.

ನೆಲ ಮಾತ್ರ ಒಂದೇ ತೆರನಲ್ಲ. ಯಳಂದೂರಿಗೆ ಸುವರ್ಣಾವತಿಯ ನೀರಿದೆ, ಕೊಳ್ಳೇಗಾಲದ ಒಂದು ಮಗ್ಗುಲಿಗೆ ಕಾವೇರಿಯಿದೆ. ಹನೂರಿನ ಕಡೆ, ಮಲೆ ಮಹದೇಶ್ವರ ಬೆಟ್ಟದ ಬುಡದವರೆಗೂ, ಹೆಚ್ಚಿನ ತೋಟಗಳು ಮಳೆಯನ್ನೋ ಕೊಳವೆಬಾವಿಯನ್ನೋ ನೆಚ್ಚಿಕೊಂಡಿವೆ. ನೀರು ಹೇಗೋ ಸೊಪ್ಪು ಹಾಗೆ, ಸೊಪ್ಪು ಹೇಗೋ ಹುಳು ಹಾಗೆ. ರೋಗದ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಇಪ್ಪತ್ತೈದು ದಿನದ ಬಾಳು

ಬಾಂಬಿಕ್ಸ್ ಮೋರಿ ಎಂಬ ಶಾಸ್ತ್ರೀಯ ಹೆಸರಿನ ಈ ಹುಳು ಮೊಟ್ಟೆಯೊಡೆದು ಬಂದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು 25 ದಿನ ಬದುಕುತ್ತದೆ. ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಈ ಹೊತ್ತನ್ನು ರೈತರು ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಎರಡನೇ ಜ್ವರದವರೆಗಿನ ಎಳೆಯ ಹುಳು ‘ಚಾಕಿ’. ನಾಲ್ಕನೇ ಜ್ವರ ಎದ್ದ ಮೇಲೆ ಬರುವ ಐದನೇ ಹಂತದಲ್ಲಿ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ತಿಂದು ಮುಗಿಸುತ್ತದೆ.

ಒಂದು ಚಿಟ್ಟೆಯ ಮೊಟ್ಟೆಗಳಿಗೆ ಒಂದು ‘ಮೊಟ್ಟೆ ಗುಂಪು’ ಎಂದು ಹೆಸರು. ಅದರಲ್ಲಿ 400ರಿಂದ 500 ಮೊಟ್ಟೆಗಳಿರುತ್ತವೆ. ನೂರು ಮೊಟ್ಟೆ ಗುಂಪು ಸಾಕುವ ರೈತನ ಮನೆಯಲ್ಲಿ ಹೀಗೆ 40ರಿಂದ 50 ಸಾವಿರ ಹುಳುಗಳು ಒಂದೇ ಸೂರಿನಡಿ, ಮೈಗೆ ಮೈ ತಾಗಿಸಿಕೊಂಡು, ತಮ್ಮದೇ ಹಿಕ್ಕೆಯ ಮೇಲೆ ಬೆಳೆಯುತ್ತವೆ. ಇಂಥ ಸಂತೆಯಲ್ಲಿ ಒಂದು ಹುಳುವಿನ ರೋಗ ಒಂದು ಹುಳುವಿನದಾಗಿಯೇ ಉಳಿಯುವುದಿಲ್ಲ.

ಇನ್ನೊಂದು ಮಾತು. ಮನುಷ್ಯರಿಗೆ, ದನಕರುಗಳಿಗೆ ರೋಗ ಬಂದು ಹೋದರೆ ರಕ್ತದಲ್ಲಿ ಪ್ರತಿಕಾಯಗಳು ಉಳಿಯುತ್ತವೆ. ಲಸಿಕೆಯೂ ಇದೇ ನೆನಪಿನ ಬಲದ ಮೇಲೆ ನಿಂತಿದೆ. ಕೀಟಗಳ ಮೈಯಲ್ಲಿ ಪ್ರತಿಕಾಯ ತಯಾರಾಗುವುದಿಲ್ಲ. ಹುಳುವಿಗೆ ತನ್ನದೇ ಆದ ಒಂದಿಷ್ಟು ರಕ್ಷಣೆ ಇದೆ, ಆದರೆ ಹಸುವಿಗೆ ಹಾಕಿದಂತೆ ಚುಚ್ಚುಮದ್ದು ಹಾಕಿ ಕಾಪಾಡುವ ದಾರಿ ಇಲ್ಲ. ಬಾಳೇ 25 ದಿನದ್ದು. ರೋಗ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಒಳಗೆ ತನ್ನ ಕೆಲಸ ಮುಗಿಸಿರುತ್ತದೆ.

ಹಾಲುತೊಂಡೆ: ಹರಳಿನೊಳಗೆ ಅಡಗುವ ವೈರಾಣು

ನಾಲ್ಕನೇ ಜ್ವರ ಎದ್ದು ಮೂರ‍್ನಾಲ್ಕು ದಿನವಾಗಿದೆ ಎಂದುಕೊಳ್ಳಿ. ಬೆಳಗ್ಗೆ ಸೊಪ್ಪು ಹಾಕಲು ಹೋದಾಗ ಹೆಚ್ಚಿನ ಹುಳುಗಳು ಬಾಯಿ ಹಾಕಿ ಮೇಯುತ್ತಿವೆ. ಒಂದೆರಡು ಮಾತ್ರ ಸೊಪ್ಪು ಬಿಟ್ಟು ತಟ್ಟೆಯ ಅಂಚಿನ ಮೇಲೆ ಸುತ್ತುತ್ತಿವೆ. ಹತ್ತಿರದಿಂದ ನೋಡಿದರೆ ಅವುಗಳ ಗಿಣ್ಣುಗಳ ನಡುವಿನ ಚರ್ಮ ಉಬ್ಬಿ ಬಿದಿರಿನ ಗೆಣ್ಣಿನಂತೆ ಕಾಣುತ್ತದೆ. ಮೈ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಬೆರಳು ತಾಗಿದರೆ ಸಾಕು, ಚರ್ಮ ಒಡೆದು ಹಾಲಿನಂಥ ಬಿಳಿ ದ್ರವ ಸುರಿಯುತ್ತದೆ. ಸಂಜೆಯ ಹೊತ್ತಿಗೆ ಆ ಹುಳು ಹಿಂಗಾಲುಗಳಿಂದ ಅಂಚನ್ನು ಹಿಡಿದು ತಲೆಕೆಳಗಾಗಿ ನೇತುಬಿದ್ದಿರುತ್ತದೆ. ಇದೇ ಹಾಲುತೊಂಡೆ.

ಇದರ ಕಾರಣ ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್ ಎಂಬ ಬಾಕ್ಯುಲೋವೈರಸ್. ಈ ವೈರಾಣುವಿನ ಜಾಣತನ ಅದರ ಹೊದಿಕೆಯಲ್ಲಿದೆ. ನೂರಾರು ವೈರಾಣು ಕಣಗಳು ಒಂದು ಪ್ರೋಟೀನಿನ ಹರಳಿನೊಳಗೆ ಹುದುಗಿರುತ್ತವೆ. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. ಈ ಹರಳು ಕೆಲವೇ ಮೈಕ್ರಾನಿನದು, ಸೂಕ್ಷ್ಮದರ್ಶಕದಲ್ಲಿ ಹಲವು ಮುಖಗಳ ಸಕ್ಕರೆ ಹರಳಿನಂತೆ ತೋರುತ್ತದೆ. ಗೋಡೆಯ ಬಿರುಕಿನಲ್ಲಿ, ತಟ್ಟೆಯ ಹೆಣಿಗೆಯ ಸಂದಿನಲ್ಲಿ, ಹುಳು ಗೂಡು ಕಟ್ಟುವ ಚಂದ್ರಿಕೆಯ ಮೇಲಿನ ದೂಳಿನಲ್ಲಿ ಅದು ಬೆಳೆಯಿಂದ ಬೆಳೆಗೆ, ವರ್ಷದಿಂದ ವರ್ಷಕ್ಕೆ ಕೆಡದೆ ಕಾಯುತ್ತದೆ.

ಸೊಪ್ಪಿನ ಜೊತೆ ಆ ಹರಳು ಹುಳುವಿನ ಹೊಟ್ಟೆ ಸೇರುತ್ತದೆ. ರೇಷ್ಮೆ ಹುಳುವಿನ ಕರುಳು ನಮ್ಮ ಹೊಟ್ಟೆಯಂತೆ ಹುಳಿಯಲ್ಲ, ಬಲವಾದ ಕ್ಷಾರ. ಆ ಕ್ಷಾರದಲ್ಲಿ ಹರಳು ಕರಗಿ ವೈರಾಣುಗಳು ಬಿಡುಗಡೆಯಾಗುತ್ತವೆ, ಕರುಳಿನ ಗೋಡೆ ದಾಟಿ ಜೀವಕೋಶಗಳ ಕೇಂದ್ರವನ್ನು ಹಿಡಿಯುತ್ತವೆ. ನಾಲ್ಕರಿಂದ ಏಳು ದಿನಗಳಲ್ಲಿ ಹುಳು ಸಾಯುತ್ತದೆ. ಒಡೆದ ಚರ್ಮದಿಂದ ಹರಿದ ಒಂದು ಹನಿ ‘ಹಾಲಿ’ನಲ್ಲಿ ಲೆಕ್ಕವಿಲ್ಲದಷ್ಟು ಹೊಸ ಹರಳುಗಳಿರುತ್ತವೆ. ಅದು ಬಿದ್ದ ಸೊಪ್ಪನ್ನು ತಿಂದ ಹುಳು ಮುಂದಿನ ಸರದಿಗೆ ನಿಲ್ಲುತ್ತದೆ. ತಟ್ಟೆಯ ಅಂಚಿನಲ್ಲಿ ಸುತ್ತುವ ಆ ಒಂದೆರಡು ಹುಳುಗಳನ್ನು ‘ಹೋಗಲಿ, ನಾಲ್ಕು ಹುಳು ತಾನೆ’ ಎಂದು ಬಿಡಬಾರದು ಎನ್ನುವುದು ಇದಕ್ಕೇ.

ಸಪ್ಪೆ ರೋಗ: ಕರುಳು ಸೋತಾಗ

ಹಾಲುತೊಂಡೆಯಲ್ಲಿ ಹುಳು ಉಬ್ಬಿದರೆ ಸಪ್ಪೆ ರೋಗದಲ್ಲಿ ಜೋಲುತ್ತದೆ. ಹಸಿವು ಮುಚ್ಚುತ್ತದೆ. ತಲೆಯ ಹಿಂದಿನ ಭಾಗ ಪಾರದರ್ಶಕವಾಗುತ್ತದೆ. ಹುಳು ಬಾಯಿಂದ ರಸ ಕಾರುತ್ತದೆ. ಗಟ್ಟಿಯಾಗಿ ಬಿಡಿಬಿಡಿಯಾಗಿ ಬೀಳಬೇಕಾದ ಹಿಕ್ಕೆ ಮೆತ್ತಗಾಗಿ ಸರದಂತೆ ಅಂಟಿಕೊಂಡು ಬರುತ್ತದೆ. ಸತ್ತ ಮೇಲೆ ಮೈ ಕಪ್ಪಾಗಿ ಕೊಳೆತು ನಾರುತ್ತದೆ. ಸೆರೇಷಿಯಾ ಎಂಬ ಬ್ಯಾಕ್ಟೀರಿಯಾ ಹೊಕ್ಕಿದ್ದರೆ ಹೆಣ ಕೆಂಪಗಾಗುತ್ತದೆ.

ಇದು ಒಂದೇ ರೋಗಾಣುವಿನ ಕೆಲಸವಲ್ಲ. ಸ್ಟ್ರೆಪ್ಟೊಕಾಕಸ್, ಸ್ಟೆಫೈಲೊಕಾಕಸ್, ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಮಿತಿಮೀರಿ ಬೆಳೆಯುವುದು ಒಂದು ಬಗೆ. ಸಾಂಕ್ರಾಮಿಕ ಸಪ್ಪೆ ವೈರಸ್, ಡೆನ್ಸೊವೈರಸ್ ಮುಂತಾದವು ಕರುಳಿನ ಗೋಡೆಯನ್ನು ಕೆಡಿಸಿ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದುಕೊಡುವುದು ಇನ್ನೊಂದು ಬಗೆ. ಹಲವು ಸಲ ಎರಡೂ ಕೂಡಿಯೇ ಬರುತ್ತವೆ.

ಆ ಬಾಗಿಲಿನ ಚಿಲಕ ಬಹುಪಾಲು ನಮ್ಮ ಕೈಯಲ್ಲೇ ಇದೆ. ಮಳೆ ನೆಂದ ಸೊಪ್ಪನ್ನು ಆರಿಸದೆ ಹಾಕುವುದು, ಬೆಳಗ್ಗೆ ಕೊಯ್ದು ಒಟ್ಟಿಟ್ಟು ಕಾವೇರಿದ ಸೊಪ್ಪನ್ನು ಸಂಜೆ ಹಾಕುವುದು, ದೊಡ್ಡ ಹುಳುವಿಗೆ ಎಳೆ ಸೊಪ್ಪು ಉಣಿಸುವುದು, ಹಾಸಿಗೆಯ ಕಸ ತೆಗೆಯದೆ ಅದರ ಮೇಲೇ ಮತ್ತೆ ಸೊಪ್ಪು ಹರಡುವುದು, ಕಿಟಕಿ ಮುಚ್ಚಿ ಗಾಳಿಯಾಡದಂತೆ ಮಾಡುವುದು. ಇವೆಲ್ಲ ಕರುಳನ್ನು ಸೋಲಿಸುತ್ತವೆ.

ಬ್ಯಾಕ್ಟೀರಿಯಾದ ಇನ್ನೊಂದು ರೋಗವನ್ನು ಪ್ರತ್ಯೇಕವಾಗಿ ಹೇಳಬೇಕು. 1901ರಲ್ಲಿ ಜಪಾನಿನ ಶಿಗೆತಾನೆ ಇಶಿವಾಟ ಎಂಬ ವಿಜ್ಞಾನಿ ಸತ್ತ ರೇಷ್ಮೆ ಹುಳುಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಹುಳು ಮೇಯುತ್ತಿರುವಾಗಲೇ ನಿಂತು, ಸೆಟೆದು, ಕೆಲವೇ ಗಂಟೆಗಳಲ್ಲಿ ಸಾಯುವ ಆ ರೋಗಕ್ಕೆ ಜಪಾನೀಯರು ‘ಸೊಟ್ಟೊ’ ಎಂದರು. ಮುಂದೆ ಜರ್ಮನಿಯಲ್ಲಿ ಅದಕ್ಕೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಹೆಸರಿಟ್ಟರು. ಬಿಟಿ ಹತ್ತಿಯ ‘ಬಿಟಿ’ ಇದೇ. ಇಂದು ಇದನ್ನು ಜೈವಿಕ ಕೀಟನಾಶಕವಾಗಿ ತರಕಾರಿ ಬೆಳೆಗೆ ಸಿಂಪಡಿಸುತ್ತಾರೆ. ಸಾವಯವ ಎಂಬ ಕಾರಣಕ್ಕೆ ಅದು ರೇಷ್ಮೆ ಹುಳುವಿಗೆ ನಿರಪಾಯ ಎಂದುಕೊಂಡರೆ ಮೋಸಹೋಗುತ್ತೇವೆ. ಹಿಪ್ಪುನೇರಳೆಯ ಪಕ್ಕದ ಹೊಲಕ್ಕೆ ಬಿಟಿ ಹೊಡೆದು, ಅದು ಗಾಳಿಯಲ್ಲಿ ಸೊಪ್ಪಿನ ಮೇಲೆ ಬಿದ್ದರೆ ಇಡೀ ಬೆಳೆ ಹೋಗಬಹುದು.

ಗಂಟುರೋಗ: ತಾಯಿಯಿಂದ ಮರಿಗೆ

ಗಂಟುರೋಗದ ರೋಗಾಣು ನೊಸೀಮಾ ಬಾಂಬಿಸಿಸ್. ಅದು ವೈರಾಣುವಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಆದರೂ ಇದನ್ನು ಬಿಟ್ಟರೆ ರೇಷ್ಮೆ ರೋಗಗಳ ಚರಿತ್ರೆಯೇ ಅಪೂರ್ಣ. ಈ ರೋಗ ತಾಯಿ ಚಿಟ್ಟೆಯ ಅಂಡದೊಳಗೇ ಸೇರಿ ಮರಿಗೆ ಬರುತ್ತದೆ. ಮೊಟ್ಟೆ ಒಂದೇ ದಿನ ಒಡೆಯುವುದಿಲ್ಲ, ಹುಳು ಒಂದೇ ಸಮ ಬೆಳೆಯುವುದಿಲ್ಲ, ಒಂದೇ ಹೊತ್ತಿಗೆ ಜ್ವರಕ್ಕೆ ಕೂರುವುದಿಲ್ಲ. ಕೆಲವು ಹುಳುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳೇಳುತ್ತವೆ.

ಫ್ರಾನ್ಸಿನಲ್ಲಿ 1853ರಲ್ಲಿ ಸುಮಾರು 26,000 ಟನ್ ಗೂಡು ಬೆಳೆಯುತ್ತಿತ್ತು. ಈ ರೋಗದ ಹಾವಳಿಯಲ್ಲಿ 1865ರ ಹೊತ್ತಿಗೆ ಅದು 4,000 ಟನ್ನಿಗೆ ಕುಸಿಯಿತು. ಆ ವರ್ಷ ಸರ್ಕಾರ ವಿಜ್ಞಾನಿ ಲೂಯಿ ಪಾಶ್ಚರ್ ಅವರನ್ನು ಅಲೆಸ್ ಎಂಬ ಊರಿಗೆ ಕಳಿಸಿತು. ಅದುವರೆಗೆ ಅವರು ರೇಷ್ಮೆ ಹುಳುವನ್ನು ಕೈಯಲ್ಲಿ ಮುಟ್ಟಿದವರೂ ಅಲ್ಲ. ಆ ಕೆಲಸದ ನಡುವೆ ತಂದೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡರು, 1868ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಆದರೂ ಬಿಡದೆ ಗಂಟುರೋಗ ಬೇರೆ, ಸಪ್ಪೆ ರೋಗ ಬೇರೆ ಎಂದು ತೋರಿಸಿದರು, ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ವಿಧಾನವನ್ನೂ ಕೊಟ್ಟರು.

ಆ ವಿಧಾನ ಇಂದಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿದೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟಿನ ತೆಳು ದ್ರಾವಣದಲ್ಲಿ ಅರೆಯುತ್ತಾರೆ. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಸುಮಾರು 600 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಅಕ್ಕಿಕಾಳಿನ ಆಕಾರದ, ಮಿನುಗುವ, ಮೂರ‍್ನಾಲ್ಕು ಮೈಕ್ರಾನ್ ಉದ್ದದ ಬೀಜಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. ರೈತ ಕೊಳ್ಳುವ ಹಾಳೆಯ ಮೇಲೆ ‘ರೋಗರಹಿತ ಮೊಟ್ಟೆ’ ಎಂದಿದ್ದರೆ ಅದಕ್ಕೆ ಇರುವ ಅರ್ಥ ಇದೇ.

ಹಳೆ ಮೈಸೂರಿಗೆ ಈ ವಿದ್ಯೆ ಬಂದದ್ದು ಎರಡು ದಾರಿಗಳಲ್ಲಿ. 1896ರಲ್ಲಿ ಜಮ್‌ಶೆಟ್ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ರೇಷ್ಮೆ ಫಾರಂ ತೆರೆದರು. ಮುಂದೆ 1914ರ ಸುಮಾರಿಗೆ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿ, ಚನ್ನಪಟ್ಟಣದ ಫಾರಂನಲ್ಲಿ ಪರೀಕ್ಷಿಸಿದ ಮೊಟ್ಟೆಯ ಕೆಲಸಕ್ಕೆ ತಳಪಾಯ ಹಾಕಿತು. ಬಿತ್ತನೆಯ ಮೇಲೆ ಕಾನೂನಿನ ಕಣ್ಣಿರಲೆಂದು 1959ರಲ್ಲಿ ರಾಜ್ಯದ ಅಧಿನಿಯಮ ಬಂತು, 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾಯಿದೆಗೂ ತಿದ್ದುಪಡಿಯಾಯಿತು. ಪರೀಕ್ಷೆಯಾಗದ ಮೊಟ್ಟೆಯನ್ನು ನಾಲ್ಕು ಕಾಸು ಕಡಿಮೆಗೆ ಸಿಕ್ಕಿತೆಂದು ತಂದವರು ಈ ಇಡೀ ಚರಿತ್ರೆಯನ್ನು ಬಾಗಿಲಾಚೆ ನಿಲ್ಲಿಸಿದಂತೆ.

ಸುಣ್ಣಕಟ್ಟು, ಊಜಿ

ಸುಣ್ಣಕಟ್ಟು ಚಳಿ ಮತ್ತು ತೇವ ಕೂಡಿದ ದಿನಗಳ ರೋಗ. ಬ್ಯೂವೇರಿಯಾ ಬಾಸಿಯಾನ ಎಂಬ ಶಿಲೀಂಧ್ರ ಬಾಯಿಯಿಂದಲ್ಲ, ಚರ್ಮದ ಮೂಲಕವೇ ಒಳಹೊಕ್ಕು ಹುಳುವನ್ನು ಬಿಳಿ ಸುಣ್ಣದ ಕಡ್ಡಿಯಂತೆ ಗಟ್ಟಿಮಾಡುತ್ತದೆ. 1835ರಲ್ಲಿ ಇಟಲಿಯ ಅಗೋಸ್ಟಿನೊ ಬಾಸ್ಸಿ ಇದನ್ನು ವಿವರಿಸಿದರು. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೂ ಒಂದು.

ಊಜಿ ನೊಣ ರೋಗವಲ್ಲ, ಪೀಡೆ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಆಕಸ್ಮಿಕವಾಗಿ ಕರ್ನಾಟಕಕ್ಕೆ ಬಂದು ನೆಲೆನಿಂತಿತು. ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಅದರ ಮರಿ ಒಳಗಿಳಿದು ಹುಳುವನ್ನು ತಿನ್ನುತ್ತದೆ. ಕಿಟಕಿ ಬಾಗಿಲುಗಳಿಗೆ ಬಲೆ ಹಾಕುವ ರೂಢಿ ಹುಳುಮನೆಗಳಿಗೆ ಬಂದದ್ದು ಈ ನೊಣದಿಂದ.

ಯಾವಾಗ ಯಾವುದು

ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೆ 80ರಿಂದ 90ರಷ್ಟು ತೇವಾಂಶ ಹಿತ. ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ, 65ರಿಂದ 70ರಷ್ಟು ತೇವ ಸಾಕು. ಹುಳು ಬೆಳೆದಂತೆ ಕಾವೂ ತೇವವೂ ಇಳಿಯಬೇಕು. ಹನೂರಿನ ಬಯಲಿನಲ್ಲಿ ಮಾರ್ಚಿನಿಂದ ಮೇವರೆಗೆ ಶೀಟು ಹೊದಿಸಿದ ಮನೆಯೊಳಗೆ ನಡುಮಧ್ಯಾಹ್ನ ಇರುವ ಕಾವು ಇದಕ್ಕೆ ತೀರ ವಿರುದ್ಧ. ಹಗಲು ಕಾದು ರಾತ್ರಿ ತಣಿಯುವ ಏರಿಳಿತದಲ್ಲಿ ಹಾಲುತೊಂಡೆ ತಲೆಯೆತ್ತುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದು, ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು, ಮನೆಯ ಸುತ್ತ ನೆರಳಿನ ಮರ ಬೆಳೆಸುವುದು ಹಳೆಯ ಉಪಾಯಗಳು, ಫಲ ಕೊಡುವಂಥವು.

ಈ ಜಿಲ್ಲೆಗೆ ಮಳೆ ಎರಡು ಸಲ ಜೋರು: ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ. ನೆಂದ ಸೊಪ್ಪಿನ ಈ ದಿನಗಳು ಸಪ್ಪೆ ರೋಗದವು. ನವೆಂಬರಿನಿಂದ ಜನವರಿವರೆಗಿನ ಮಂಜು ಮತ್ತು ಚಳಿ ಸುಣ್ಣಕಟ್ಟಿನದು. ಗಂಟುರೋಗಕ್ಕೆ ಮಾತ್ರ ಋತುವಿಲ್ಲ, ಅದು ಮೊಟ್ಟೆಯ ಜೊತೆಗೇ ಬರುತ್ತದೆ.

ಮನೆಗೆ ಕೊಡುವ ಮದ್ದು

ಸೋಂಕುನಿವಾರಣೆಯನ್ನು ಎರಡು ಸಲ ಮಾಡಬೇಕು: ಗೂಡು ಬಿಡಿಸಿದ ಕೂಡಲೇ ಒಮ್ಮೆ, ಹೊಸ ಹುಳು ತರುವ ಕೆಲವು ದಿನ ಮೊದಲು ಇನ್ನೊಮ್ಮೆ. ಮೊದಲನೆಯದನ್ನು ಬಿಡುವವರೇ ಹೆಚ್ಚು. ರೋಗಾಣು ಹಸಿಯಾಗಿ ಎದುರಿಗೇ ಬಿದ್ದಿರುವುದು ಆಗ, ಆದ್ದರಿಂದ ಕೆಲಸ ಹೆಚ್ಚು ಫಲಿಸುವುದೂ ಆಗಲೇ.

ಎಲ್ಲರ ಕೈಗೆಟುಕುವ ದ್ರಾವಣ ಬ್ಲೀಚಿಂಗ್ ಪುಡಿ ಮತ್ತು ಅರಳಿದ ಸುಣ್ಣದ್ದು. 100 ಲೀಟರ್ ನೀರಿಗೆ 2 ಕಿಲೊ ಬ್ಲೀಚಿಂಗ್ ಪುಡಿ, 300 ಗ್ರಾಂ ಸುಣ್ಣ. ಪುಡಿಯಲ್ಲಿ ನೂರಕ್ಕೆ 30ರಷ್ಟು ಕ್ಲೋರಿನ್ ಇರಬೇಕು. ಚೀಲದ ಬಾಯಿ ಬಿಚ್ಚಿಟ್ಟು ತಿಂಗಳಾದ ಪುಡಿಯಲ್ಲಿ ವಾಸನೆ ಉಳಿದರೂ ಸತ್ವ ಉಳಿಯುವುದಿಲ್ಲ. ಗೋಡೆ, ನೆಲ, ಸೂರು, ತಟ್ಟೆ, ಚಂದ್ರಿಕೆ ಎಲ್ಲವೂ ತೊಯ್ಯುವಂತೆ ಸಿಂಪಡಿಸಬೇಕು. ಕ್ಲೋರಿನ್ ಕಬ್ಬಿಣವನ್ನು ತಿನ್ನುವುದರಿಂದ ಲೋಹದ ಸ್ಟ್ಯಾಂಡುಗಳಿಗೆ ಬೇರೆ ಸೋಂಕುನಿವಾರಕ ಬಳಸುವುದು ಲೇಸು.

ಇಲ್ಲಿ ಸುಣ್ಣದ ಪಾತ್ರ ಗಮನಿಸಬೇಕಾದದ್ದು. ಹಾಲುತೊಂಡೆಯ ಹರಳು ಹುಳುವಿನ ಕರುಳಿನ ಕ್ಷಾರದಲ್ಲಿ ಕರಗುತ್ತದೆ ಎಂದೆವಲ್ಲ, ಸುಣ್ಣವೂ ಕ್ಷಾರವೇ. ಹುಳುವಿನ ಹೊಟ್ಟೆಯಲ್ಲಿ ಆಗಬೇಕಾದ ಕರಗುವಿಕೆ ಗೋಡೆಯ ಮೇಲೇ ಆಗಿಬಿಡುತ್ತದೆ. ಹೊದಿಕೆ ಕಳಚಿದ ವೈರಾಣುವಿಗೆ ಆಶ್ರಯವೂ ಇಲ್ಲ, ಎದುರಿಗೆ ಕ್ಲೋರಿನ್ನೂ ಇದೆ.

ಹುಳುವಿನ ಹಾಸಿಗೆಗೆ ಉದುರಿಸಲು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ರೂಪಿಸಿದ ‘ವಿಜೇತ’, ‘ಅಂಕುಶ್’ ಮುಂತಾದ ಪುಡಿಗಳಿವೆ. ಪ್ರತಿ ಜ್ವರ ಎದ್ದ ಮೇಲೆ, ಸೊಪ್ಪು ಹಾಕುವ ಅರ್ಧ ಗಂಟೆ ಮೊದಲು ಉದುರಿಸಬೇಕು. ಐದನೇ ಹಂತದ ನಾಲ್ಕನೇ ದಿನ ಮತ್ತೊಮ್ಮೆ. ಇವೂ ರೋಗ ಬಂದ ಹುಳುವನ್ನು ಬದುಕಿಸುವುದಿಲ್ಲ, ಪಕ್ಕದ ಹುಳುವಿಗೆ ಹಬ್ಬದಂತೆ ತಡೆಯುತ್ತವೆ. ಹುಳು ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಎರಚಿ ಹಾಸಿಗೆಯನ್ನು ಒಣಗಿಸುವುದೂ ಇದೇ ಕಾವಲಿನ ಭಾಗ.

ರೋಗದ ಹುಳುವನ್ನು ಬರಿಗೈಯಲ್ಲಿ ಎತ್ತಬಾರದು. ಕಡ್ಡಿಯಿಂದಲೋ ಚಿಮಟದಿಂದಲೋ ಎತ್ತಿ ಬ್ಲೀಚಿಂಗ್ ಪುಡಿಯ ನೀರಿರುವ ಪಾತ್ರೆಗೆ ಹಾಕಿ, ಆಮೇಲೆ ಹೂಳಬೇಕು ಇಲ್ಲವೇ ಸುಡಬೇಕು. ಕೋಳಿಗೆ ಎಸೆಯುವುದು, ತಿಪ್ಪೆಗೆ ಸುರಿಯುವುದು, ಹಸಿ ಕಸವನ್ನು ಹಾಗೇ ಹಿಪ್ಪುನೇರಳೆ ತೋಟಕ್ಕೆ ಹರಡುವುದು ರೋಗವನ್ನು ಮತ್ತೆ ಸೊಪ್ಪಿಗೇ ತಲುಪಿಸುವ ದಾರಿಗಳು. ಕಸವನ್ನು ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿದ ಮೇಲಷ್ಟೇ ತೋಟಕ್ಕೆ ಹಾಕಬೇಕು.

ಕರಾವಳಿಯ ಸಿಗಡಿ ಹೊಂಡದಿಂದ ಒಂದು ಮಾತು

ಕೊಳ್ಳೇಗಾಲದಿಂದ ನೂರಾರು ಕಿಲೊಮೀಟರ್ ದೂರ, ಕುಮಟಾದ ಅಘನಾಶಿನಿ ಹಿನ್ನೀರಿನ ಗಜನಿ ಎಂಬ ತಗ್ಗು ಗದ್ದೆಗಳಲ್ಲೂ ಕುಂದಾಪುರದ ಕಡೆಯ ಉಪ್ಪುನೀರಿನ ಹೊಂಡಗಳಲ್ಲೂ ಸಿಗಡಿ ಸಾಕುವವರು ಇದೇ ಪಾಠವನ್ನು ಕಷ್ಟಪಟ್ಟು ಕಲಿತರು. ಸಿಗಡಿಯೂ ಹುಳುವಿನಂತೆ ಸಂಧಿಪದಿ, ಅದೂ ಪೊರೆ ಬಿಡುತ್ತದೆ, ಅದಕ್ಕೂ ಪ್ರತಿಕಾಯವಿಲ್ಲ. 1994ರ ಕೊನೆಗೆ ಭಾರತಕ್ಕೆ ಕಾಲಿಟ್ಟ ಬಿಳಿ ಚುಕ್ಕೆ ರೋಗ ಮೂರರಿಂದ ಹತ್ತು ದಿನಗಳಲ್ಲಿ ಹೊಂಡಗಳನ್ನೇ ಬರಿದುಮಾಡಿತು. ಅದರ ವೈರಾಣುವನ್ನು ವಿಜ್ಞಾನಿಗಳು ಮೊದಮೊದಲು ಹಾಲುತೊಂಡೆಯ ವೈರಾಣುವಿನ ಬಾಕ್ಯುಲೋವೈರಸ್ ಕುಟುಂಬಕ್ಕೇ ಸೇರಿಸಿದ್ದರು. ಬೇರೆ ಕುಟುಂಬವೆಂದು ತೀರ್ಮಾನವಾದದ್ದು ಆಮೇಲೆ.

ಹೋಲಿಕೆ ಅಲ್ಲಿಗೇ ಮುಗಿಯುವುದಿಲ್ಲ. ಸಿಗಡಿಯ ಬೆಳವಣಿಗೆ ಕುಂಠಿಸುವ ಇಎಚ್‌ಪಿ ರೋಗಾಣು ಗಂಟುರೋಗದ ನೊಸೀಮಾದಂತೆ ಮೈಕ್ರೋಸ್ಪೊರಿಡಿಯಾ ಗುಂಪಿನದು. ಎಳೆ ಸಿಗಡಿಯನ್ನು ಕೊಲ್ಲುವ ವಿಬ್ರಿಯೊ ಬ್ಯಾಕ್ಟೀರಿಯಾದ ವಿಷ ರಚನೆಯಲ್ಲಿ ಬಿಟಿ ವಿಷವನ್ನೇ ಹೋಲುತ್ತದೆ. ಕರಾವಳಿಯವರು ಕಂಡುಕೊಂಡ ದಾರಿಯೂ ಪಾಶ್ಚರ್ ತೋರಿಸಿದ್ದೇ: ಪರೀಕ್ಷಿಸಿದ ಮರಿ ತರುವುದು, ಬೆಳೆ ಮುಗಿದ ಹೊಂಡವನ್ನು ಒಣಗಿಸಿ ಸುಣ್ಣ ಹಾಕುವುದು, ಒಬ್ಬರ ಹೊಂಡದ ರೋಗದ ನೀರು ಇನ್ನೊಬ್ಬರ ಹೊಂಡಕ್ಕೆ ಹೋಗದಂತೆ ನೋಡಿಕೊಳ್ಳುವುದು. ಅಲ್ಲಿ ಪಿಸಿಆರ್ ಯಂತ್ರ, ಇಲ್ಲಿ ಸೂಕ್ಷ್ಮದರ್ಶಕ. ಉದ್ದೇಶ ಒಂದೇ.

ಗೂಡು ಮಾರಿ ಬಂದ ಮರುದಿನ

ಬೆಳೆ ಕೆಟ್ಟವರು ಅದನ್ನು ಮುಚ್ಚಿಡಬೇಕಾಗಿಲ್ಲ. ಹಾಲುತೊಂಡೆ ಬಂದ ಮನೆಯವರು ಪಕ್ಕದ ಮನೆಗೆ ಹೇಳಿದರೆ ಅವರು ಕಾಲು ತೊಳೆದು ಒಳಬರುತ್ತಾರೆ, ತಟ್ಟೆ, ಚಂದ್ರಿಕೆ ಎರವಲು ಕೇಳುವುದಿಲ್ಲ. ಹೇಳದಿದ್ದರೆ ರೋಗ ತಾನಾಗಿಯೇ ಹೋಗಿ ಬಾಗಿಲು ತಟ್ಟುತ್ತದೆ. ಗಂಟುರೋಗದ ಅನುಮಾನವಿದ್ದರೆ ಕೆಲವು ಹುಳುಗಳನ್ನು ರೇಷ್ಮೆ ಇಲಾಖೆಯವರಿಗೆ ತೋರಿಸಿ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಆ ತಪ್ಪು ಹೆಚ್ಚಾಗಿ ಮೊಟ್ಟೆಯದು, ರೈತನದಲ್ಲ. ಅದು ಗೊತ್ತಾದರೆ ಅದೇ ತಂಡದ ಮೊಟ್ಟೆ ತಂದ ಹತ್ತಾರು ಮನೆಗಳು ಎಚ್ಚರಗೊಳ್ಳುತ್ತವೆ.

ಬೆಳೆ ಚೆನ್ನಾಗಿ ಬಂದಾಗಲೂ ಒಂದು ಎಚ್ಚರ ಬೇಕು. ಕೊಳ್ಳೇಗಾಲದಲ್ಲೋ ರಾಮನಗರದಲ್ಲೋ ಗೂಡು ಮಾರಿ ಕೈಗೆ ಹಣ ಬಂದಿರುತ್ತದೆ, ತೋಟದಲ್ಲಿ ಸೊಪ್ಪು ಚಿಗುರುತ್ತಿರುತ್ತದೆ, ಮುಂದಿನ ಚಾಕಿ ಎಂದು ತರಲಿ ಎಂದು ಮನಸ್ಸು ಆತುರಪಡುತ್ತದೆ. ಆ ಮನೆಯೊಳಗೆ ಈಗ ಹುಳುವಿಲ್ಲ, ಖಾಲಿ ತಟ್ಟೆಗಳು ಗೋಡೆಗೆ ಒರಗಿವೆ, ಚಂದ್ರಿಕೆಗಳಿಗೆ ಗೂಡಿನ ಜುಂಗು ಅಂಟಿಕೊಂಡಿದೆ, ನೆಲದ ಮೂಲೆಯಲ್ಲಿ ಒಣಗಿದ ಒಂದೆರಡು ಹುಳುಗಳು ಉಳಿದಿವೆ. ಮುಂದಿನ ಬೆಳೆ ಬರುವುದೋ ಹೋಗುವುದೋ ಎಂಬುದು ಬಹುಪಾಲು ಇಂಥ ದಿನದಲ್ಲೇ ನಿರ್ಧಾರವಾಗುತ್ತದೆ. ಚಂದ್ರಿಕೆಯನ್ನು ಬಿಸಿಲಿಗೆ ಹಾಕಿ, ಜುಂಗನ್ನು ಸುಟ್ಟು, ಸುಣ್ಣ ಬ್ಲೀಚಿಂಗ್ ಪುಡಿ ಕಲಸಿ, ಸೂರಿನಿಂದ ನೆಲದವರೆಗೂ ಮನೆಯನ್ನು ತೋಯಿಸುವ ಆ ಬೆಳಗಿನ ದುಡಿಮೆಯೇ ಮುಂದಿನ 25 ದಿನಗಳ ಹುಳುವಿಗೆ ನಾವು ಕೊಡಬಲ್ಲ ಮದ್ದು.